ಹೊನ್ನೆ ಹಲಗೆಯ ಸೀಲಿಂಗ್ ಕೆಳಗೆ ಯಾವ ನೆಲ ಹಾಕಿಸೋದು?

ಹಳೇಮನೆ_ಚಿಕ್ಕಬಳ್ಳಾಪುರ:
ಚಿಕ್ಕಬಳ್ಳಾಪುರದಲ್ಲಿ 1960ರ ಆಸುಪಾಸಿನ ಮನೆ. ಹಾಲ್ 12×18 ಅಡಿ, ಎತ್ತರ 10 ಅಡಿ. ಸೀಲಿಂಗ್ ಪೂರ್ತಿ ಹೊನ್ನೆ ಹಲಗೆ, ಈಗ ಕಪ್ಪಿಗೆ ತಿರುಗಿದ ಕಂದು. ಕೆಳಗೆ ರೆಡ್ ಆಕ್ಸೈಡ್ ನೆಲ (ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಮಾಡಿದ್ದು). ಬಾಗಿಲ ಹತ್ತಿರ ಬಿರುಕು, ಎರಡು ಕಡೆ ಸಿಮೆಂಟ್ ತೇಪೆ. ಮರದ ಡಿಸೈನಿನ ಟೈಲ್ಸ್ ಅಥವಾ ಲ್ಯಾಮಿನೇಟ್ ಹಾಕಿಸಿದ್ರೆ ಮೇಲೂ ಕೆಳಗೂ ಮ್ಯಾಚ್ ಆಗುತ್ತೆ ಅಂತಾರೆ ಅಂಗಡಿಯವರು. ಹೊಸ್ತಿಲು ನೆಲದಿಂದ ಒಂದೂವರೆ ಇಂಚು ಮಾತ್ರ ಎತ್ತರ. ಹಳೇ ಬಾಗಿಲು ಕೊಯ್ಯಿಸೋಕೆ ಮನಸ್ಸಿಲ್ಲ. ಸಲಹೆ ಕೊಡಿ.

ಒಳಾಂಗಣ_ಕೋಲಾರ:
ಆ ಮ್ಯಾಚ್ ಅನ್ನೋದೇ ತೊಂದರೆ ಸಾರ್. ಹೊನ್ನೆಯ ಕೆಂಪು ಛಾಯೆಗೆ ಪ್ರಿಂಟ್ ಹಾಕಿದ ಕಂದು ಹತ್ತಿರ ಬರುತ್ತೆ, ಸೇರಲ್ಲ. ಎರಡೂ ಮಂಕಾಗಿ ಕಾಣುತ್ತೆ. ಹಾಲ್ ಕತ್ತಲೆಯಾಗೋದು ಬೇರೆ. ಮೇಲೆ ಮರ ಇದ್ರೆ ಕೆಳಗೆ ಮರ ಅಲ್ಲದ್ದು ಇರಲಿ: ಕಲ್ಲು, ಆಕ್ಸೈಡ್, ಇಲ್ಲವೇ ತಿಳಿ ಬಣ್ಣದ ಮ್ಯಾಟ್ ಟೈಲ್. ಗ್ಲಾಸಿ ವಿಟ್ರಿಫೈಡ್ ಟೈಲ್ ಬೇಡವೇ ಬೇಡ. ಹಲಗೆ ಸಂದುಗಳೆಲ್ಲ ನೆಲದಲ್ಲಿ ಕನ್ನಡಿ ಹಿಡಿದ ಹಾಗೆ ಕಾಣುತ್ತವೆ.

ತುಂಡು ಸ್ಯಾಂಪಲ್ ನೋಡಿ ಆರಿಸಬೇಡಿ. 2×2 ಅಡಿಯ ನಾಲ್ಕು ಕಲ್ಲು ಅಥವಾ ಟೈಲ್ ತಂದು ಹಾಸಿ, ಬೆಳಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಬಲ್ಬ್ 2700–3000 ಕೆಲ್ವಿನ್, ಅಂದ್ರೆ ಹಳದಿ ಬೆಳಕಿನದು ಇರಲಿ. 6500ರ ಬಿಳಿ ಬೆಳಕಲ್ಲಿ ಹೊನ್ನೆ ಬೂದಿ ಬಣ್ಣಕ್ಕೆ ಬರುತ್ತೆ.

ಗಾರೆಕೆಲಸ_ತುಮಕೂರು:
ಬಣ್ಣ ಆಮೇಲೆ, ಮೊದಲು ತೇವ ನೋಡಿ. ಆ ಕಾಲದ ಎಷ್ಟೋ ಮನೆಗಳಲ್ಲಿ ನೆಲದಡಿ ತೇವ ತಡೆಯೋ ಪದರ ಇರಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಗೆ ನಾಲ್ಕೂ ಕಡೆ ಟೇಪ್ ಹಾಕಿ ಒಂದು ಹಗಲು, ಒಂದು ರಾತ್ರಿ ಬಿಡಿ. ಅಡಿಯಲ್ಲಿ ಹನಿ ಕೂತಿದ್ರೆ ಅಥವಾ ನೆಲ ಕಪ್ಪಾಗಿದ್ರೆ ಲ್ಯಾಮಿನೇಟ್ ಆಸೆ ಬಿಡಿ, ಅಂಚು ಊದಿ ಏಳುತ್ತೆ. ವಿಟ್ರಿಫೈಡ್ ಹಾಕಿದ್ರೂ ತೇವ ಹೋಗೋಕೆ ದಾರಿ ಇಲ್ಲದೆ ಗೋಡೆ ಹತ್ತುತ್ತೆ, ಬುಡದ ಸಾರಣೆ ಉದುರುತ್ತೆ.

ಆಮೇಲೆ ಮರದ ಹಿಡಿಯಿಂದ ನೆಲ ಪೂರ್ತಿ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಗುರುತು ಅಲ್ಲೊಂದು ಇಲ್ಲೊಂದು ಇದ್ರೆ ಆಕ್ಸೈಡೇ ಉಳಿಸಿಕೊಳ್ಳಿ. ಹೊನ್ನೆ ಕೆಳಗೆ ಹಳೇ ಕೆಂಪು ನೆಲ ಕಾಣೋ ಹಾಗೆ ಬೇರೆ ಯಾವುದೂ ಕಾಣಲ್ಲ. ತೇಪೆ ಮಾತ್ರ ಹಳೇದಕ್ಕೆ ಬಣ್ಣದಲ್ಲಿ ಕೂಡಲ್ಲ. ಅದಕ್ಕೇ ಹಾಳಾದ ಭಾಗವನ್ನ ಚೌಕವಾಗಿ ಕೊಯ್ದು, ಸುತ್ತ ಕಪ್ಪು ಆಕ್ಸೈಡಿನ ಪಟ್ಟಿ ಕೊಟ್ರೆ ಬೇಕಂತಲೇ ಮಾಡಿದ ಹಾಗಿರುತ್ತೆ.

50 ಕೆಜಿ ಸಿಮೆಂಟಿಗೆ 5 ಕೆಜಿ ಆಕ್ಸೈಡ್ ಸಾಕು, ಜಾಸ್ತಿ ಹಾಕಿದ್ರೆ ಮೇಲ್ಪದರ ಪುಡಿಯಾಗುತ್ತೆ. ಬೇಕಾದಷ್ಟೂ ಪುಡಿ ಒಂದೇ ಸಲ ಒಣಗಿದ್ದಾಗಲೇ ಬೆರೆಸಿಡಿ. ಅಡಿಯ ಗಾರೆ ಹಸಿ ಇರುವಾಗಲೇ ಕರಣೆ ಎಳೀಬೇಕು. ಫ್ಯಾನ್ ಆಫ್, ಕಿಟಕಿ ಮುಚ್ಚಿರಲಿ. ಬೇಗ ಒಣಗಿದ್ರೆ ಕೂದಲೆಳೆ ಬಿರುಕು ಗ್ಯಾರಂಟಿ. ಮಾರನೇ ದಿನದಿಂದ ಕನಿಷ್ಠ 7 ದಿನ ನೀರು ನಿಲ್ಲಿಸಿ.

ಹಳೇಮನೆ_ಚಿಕ್ಕಬಳ್ಳಾಪುರ:
ತಟ್ಟಿ ನೋಡಿದೆ ಸಾರ್, ಅರ್ಧಕ್ಕಿಂತ ಜಾಸ್ತಿ ಟೊಳ್ಳು. ಹಾಗಾದ್ರೆ ಕಲ್ಲು?

ಗಾರೆಕೆಲಸ_ತುಮಕೂರು:
ಕೋಟಾ ಕಲ್ಲು ಹಾಕಿಸಿ. ಅದರ ಹಸಿರು-ಬೂದಿಗೆ ಹೊನ್ನೆಯ ಕೆಂಪು ಎದ್ದು ಕಾಣುತ್ತೆ. ಕಲ್ಲು 20 ಮಿಮೀ, ಗಾರೆ 30 ಮಿಮೀ, ಒಟ್ಟು ಎರಡು ಇಂಚು. ಹಳೇದರ ಮೇಲೇ ಹಾಕಿದ್ರೆ ಹೊಸ್ತಿಲು ಮುಳುಗುತ್ತೆ, ಅಷ್ಟು ಆಳ ಒಡೆಸಲೇಬೇಕು. 216 ಚದರ ಅಡಿಗೆ 240 ತರಿಸಿ, ಎಲ್ಲಾ ಒಂದೇ ಲಾಟಲ್ಲಿ.

ಒಳಾಂಗಣ_ಕೋಲಾರ:
ಪಾಲಿಶ್ ಹೊಳಪಿನ ಮಟ್ಟಕ್ಕೆ ಒಯ್ಯಬೇಡಿ, ನುಣುಪು ಬಂದ ಕೂಡಲೇ ನಿಲ್ಲಿಸಿ. ಕೋಟಾ ಸುಣ್ಣದ ಕಲ್ಲು. ನಿಂಬೆ, ಹುಣಸೆ, ಆಸಿಡ್ ಬಿದ್ರೆ ಬಿಳಿ ಕಲೆ. ಸೀಲಿಂಗಿಗೆ ಗೆದ್ದಲ ಔಷಧಿ, ಎಣ್ಣೆ ಏನಿದ್ರೂ ನೆಲಕ್ಕೆ ಮುಂಚೆ ಮುಗಿಸಿ. ಹೊಸ ಕಲ್ಲಿನ ಮೇಲೆ ಎಣ್ಣೆ ತೊಟ್ಟಿಕ್ಕಿದ್ರೆ ತೆಗೆಯೋದು ಕಷ್ಟ.