10 ಸಾವಿರದೊಳಗೆ ಮ್ಯಾಗ್ನೆಟಿಕ್ ಸ್ವಿಚ್ ಕೀಬೋರ್ಡ್: 8000 ಹರ್ಟ್ಸ್, 0.01 ಮಿ.ಮೀ.ಗೆಲ್ಲ ದುಡ್ಡು ಸುರಿಯಬೇಕಾ?

ಕೌಂಟರ್‌ಸ್ಟ್ರೇಫ್ (ಪ್ರಶ್ನೆ):
ಸಿಎಸ್2 (ಕೌಂಟರ್-ಸ್ಟ್ರೈಕ್ 2), ವ್ಯಾಲರೆಂಟ್ ಥರದ ಶೂಟಿಂಗ್ ಆಟ ಆಡೋಕೆ ಮ್ಯಾಗ್ನೆಟಿಕ್ ಸ್ವಿಚ್ ಬೋರ್ಡ್ (ಕೀ ಎಷ್ಟು ಇಳಿದಿದೆ ಅಂತ ಅಯಸ್ಕಾಂತದಿಂದ ಅಳೆಯುವ ಕೀಬೋರ್ಡ್) ಬೇಕು. ಈಗಿರೋದು ಚೆರ್ರಿ ರೆಡ್ ಸ್ವಿಚ್‌ನ ಮೆಕ್ಯಾನಿಕಲ್, ಮಾನಿಟರ್ 144 ಹರ್ಟ್ಸ್. ಬಜೆಟ್ 10,000 ರೂ., ತೀರಾ ಬೇಕೆಂದರೆ ಸ್ವಲ್ಪ ಮೇಲೆ. ಔಲಾ ವಿನ್60 ಎಚ್‌ಇ, ಮಾನ್ಸ್‌ಗೀಕ್ ಫನ್60, ಡ್ರಂಕ್‌ಡಿಯರ್ ಎ75, ಕೀಕ್ರಾನ್ ಕೆ2 ಎಚ್‌ಇ ನೋಡಿಟ್ಟಿದ್ದೇನೆ. ಎಲ್ಲರೂ ವೂಟಿಂಗ್ 60ಎಚ್‌ಇ ತಗೊಳ್ಳಿ ಅಂತಾರೆ. ಬೆಲೆಗೆ ತಕ್ಕ ವ್ಯತ್ಯಾಸ ನಿಜಕ್ಕೂ ಇದೆಯಾ? ಅದೇ ಬೋರ್ಡಲ್ಲಿ ನುಡಿ ಲೇಔಟ್‌ನಲ್ಲಿ ಕನ್ನಡ ಟೈಪಿಂಗೂ ಆಗಬೇಕು.

ಹಾಲ್‌ಸೆನ್ಸರ್:
ಮೊದಲು ಲೆಕ್ಕ ಹಾಕೋಣ, ಬ್ರ್ಯಾಂಡ್ ಆಮೇಲೆ.

ಚೆರ್ರಿ ರೆಡ್ 2 ಮಿ.ಮೀ. ಇಳಿದಾಗ ಆನ್ ಆಗುತ್ತದೆ, ತಳ ಮುಟ್ಟೋದು 4 ಮಿ.ಮೀ.ಗೆ. ತಳದಲ್ಲಿರುವ ಕೀ ಆಫ್ ಆಗಬೇಕಾದರೆ ಸುಮಾರು 2 ಮಿ.ಮೀ. ಮೇಲೇಳಬೇಕು. ರ‍್ಯಾಪಿಡ್ ಟ್ರಿಗರ್ ಎಂಬ ಸೌಲಭ್ಯವನ್ನು 0.2 ಮಿ.ಮೀ.ಗೆ ಇಟ್ಟ ಮ್ಯಾಗ್ನೆಟಿಕ್ ಕೀ ಎಲ್ಲೇ ಇರಲಿ, 0.2 ಮಿ.ಮೀ. ಎದ್ದ ತಕ್ಷಣ ಆಫ್. ಉಳಿತಾಯ 1.8 ಮಿ.ಮೀ. ಬೆರಳು ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಏಳುತ್ತದೆ ಅಂತಿಟ್ಟುಕೊಂಡರೆ ಅದು 18 ಮಿಲಿಸೆಕೆಂಡ್. ನಿಮ್ಮ ಮಾನಿಟರಿನ ಒಂದು ಫ್ರೇಮ್ 6.94 ಮಿಲಿಸೆಕೆಂಡ್, ಅಂದರೆ ಎರಡೂವರೆ ಫ್ರೇಮ್ ಮೊದಲೇ ಆಟಗಾರ ನಿಲ್ಲುತ್ತಾನೆ. ಜೊತೆಗೆ ಇಲ್ಲಿ ಲೋಹದ ಸಂಪರ್ಕವೇ ಇಲ್ಲ, ಹಾಗಾಗಿ ಡಿಬೌನ್ಸ್‌ಗೆ (ಸಂಪರ್ಕದ ಅದುರಾಟ ನಿಲ್ಲೋವರೆಗೆ) ಕಾಯುವ ಹೊತ್ತೂ ಉಳಿಯುತ್ತದೆ.

ಈಗ 8000 ಹರ್ಟ್ಸ್, ಅಂದರೆ ಪೋಲಿಂಗ್ ರೇಟ್: ಬೋರ್ಡ್ ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಸಲ ಮಾಹಿತಿ ಕಳಿಸುತ್ತದೆ ಅನ್ನೋದು. 1000 ಹರ್ಟ್ಸ್‌ನಲ್ಲಿ ಸರಾಸರಿ ಕಾಯುವಿಕೆ 0.5 ಮಿಲಿಸೆಕೆಂಡ್, 8000ದಲ್ಲಿ 0.0625. ಉಳಿತಾಯ 0.44. ಅದೂ ಬೋರ್ಡಿನ ಒಳಗಿನ ಸ್ಕ್ಯಾನ್ ಅಷ್ಟೇ ವೇಗವಾಗಿದ್ದರೆ ಮಾತ್ರ. ಕೀಗಳನ್ನು ನಿಧಾನಕ್ಕೆ ಓದಿ ಯುಎಸ್‌ಬಿಗೆ ಮಾತ್ರ ಬೇಗ ಕಳಿಸಿದರೆ ಹಳೇ ಮಾಹಿತಿಯೇ ಎಂಟು ಸಲ ಹೋದಂತೆ. ಪೋಲಿಂಗ್ ರೇಟ್ ಮತ್ತು ಸ್ಕ್ಯಾನ್ ರೇಟ್ ಬೇರೆ ಬೇರೆ, ಡಬ್ಬದ ಮೇಲೆ ದಪ್ಪಗೆ ಇರೋದು ಮೊದಲನೆಯದು.

0.01 ಮಿ.ಮೀ. ವಿಷಯ ಇನ್ನೂ ಸೂಕ್ಷ್ಮ. ಸ್ಟೆಮ್ (ಕೀ ಕೆಳಗಿನ ಕಡ್ಡಿ) ಒಳಗಿನ ಅಯಸ್ಕಾಂತ ಪಿಸಿಬಿ (ಸರ್ಕ್ಯೂಟ್ ಹಲಗೆ) ಮೇಲಿನ ಸೆನ್ಸರ್‌ಗೆ ಹತ್ತಿರವಾದಂತೆ ವೋಲ್ಟೇಜ್ ಬದಲಾಗುತ್ತದೆ, ಆದರೆ ಸಮನಾಗಿ ಅಲ್ಲ. ಕೀ ಪೂರ್ತಿ ಮೇಲಿರುವಾಗ ಅಯಸ್ಕಾಂತ ದೂರ, ಆಗ 0.1 ಮಿ.ಮೀ. ಚಲನೆಗೆ ಸಿಗುವ ಬದಲಾವಣೆ ಅತಿ ಕಡಿಮೆ. ನಾವು 0.1ರ ಆ್ಯಕ್ಚುಯೇಶನ್ (ಕೀ ಆನ್ ಆಗುವ ಆಳ) ಕೇಳೋದು ಸರಿಯಾಗಿ ಅಲ್ಲೇ, ನಾಯ್ಸ್ (ಸಿಗ್ನಲ್‌ನ ಏರುಪೇರು) ಕಾಡುವ ಜಾಗದಲ್ಲೇ. ಸಾಫ್ಟ್‌ವೇರ್ ತೋರಿಸುವ ಹೆಜ್ಜೆ 0.01 ಇರಬಹುದು, ಓದುವ ನಿಖರತೆ ಅಷ್ಟಿರಬೇಕಂತಿಲ್ಲ. ಒಳ್ಳೆ ಫರ್ಮ್‌ವೇರ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಈ ಅಸಮ ಬದಲಾವಣೆಯನ್ನು ಸ್ವಿಚ್ ಮಾದರಿಗೆ ತಕ್ಕಂತೆ ಸರಿಪಡಿಸುತ್ತದೆ. ದುಡ್ಡು ಕೊಡಬೇಕಾದದ್ದು ಇದಕ್ಕೆ.

ಪಿಸಿಬಿ_ಪ್ರಿಯ:
ಮೇಲಿನ ಮಾತಿಗೆ ಸಂಪೂರ್ಣ ಒಪ್ಪಿಗೆ. ಮಾದರಿಗಳಿಗೆ ಬರ್ತೀನಿ.

ವೂಟಿಂಗ್ ನೆದರ್‌ಲ್ಯಾಂಡ್ಸ್ ಕಂಪನಿ. ಅವರ ಸಾಫ್ಟ್‌ವೇರ್ ವೂಟಿಲಿಟಿ ಇಂದಿಗೂ ಉಳಿದವರಿಗೆ ಮಾದರಿ. ಆದರೆ 60ಎಚ್‌ಇ ಬೆಲೆಯೇ 175 ಡಾಲರ್ ಆಸುಪಾಸು, ಮೇಲೆ ಕೊರಿಯರ್ ಮತ್ತು ಕಸ್ಟಮ್ಸ್ ಸುಂಕ. ನಿಮ್ಮ ಬಜೆಟ್‌ನಲ್ಲಿ ಆಗದ ಮಾತು. ಕೆಟ್ಟರೆ ವಾಪಸ್ ಕಳಿಸುವ ಖರ್ಚನ್ನೂ ಸೇರಿಸಿ ನೋಡಿ.

ಔಲಾ, ಮಾನ್ಸ್‌ಗೀಕ್ ಎರಡೂ 60 ಪರ್ಸೆಂಟ್ ಲೇಔಟ್. ಆ್ಯರೋ ಕೀ, ಎಫ್1-ಎಫ್12 ಸಾಲು ಎರಡೂ ಇಲ್ಲ, ಎಫ್‌ಎನ್ ಒತ್ತಿಯೇ ಕೆಲಸ. ಬರೀ ಆಟಕ್ಕಾದರೆ ಬೆಲೆಗೆ ಇವೇ ಗೆಲ್ಲುತ್ತವೆ, ಮೌಸ್‌ಗೆ ಜಾಗವೂ ಹೆಚ್ಚು ಸಿಗುತ್ತದೆ. ಕನ್ನಡದಲ್ಲಿ ಪುಟಗಟ್ಟಲೆ ಬರೆಯೋರಿಗೆ ಆ್ಯರೋ ಇಲ್ಲದಿದ್ದರೆ ಕಿರಿಕಿರಿ. ಆಗ ಆ್ಯರೋ ಇರುವ 75 ಪರ್ಸೆಂಟ್‌ನ ಕೆ2 ಎಚ್‌ಇ ಅಥವಾ ಎ75 ಸರಿ. ಕೆ2 ಎಚ್‌ಇ ವೈರ್‌ಲೆಸ್ ಕೂಡ ಹೌದು, ಆದರೆ ಆಡುವಾಗ ಕೇಬಲ್ ಅಥವಾ 2.4 ಗಿಗಾಹರ್ಟ್ಸ್ ಡಾಂಗಲ್ ಮಾತ್ರ, ಬ್ಲೂಟೂತ್ ಬೇಡ. ಅದು 1000 ಹರ್ಟ್ಸ್ ಅಂತ ಹಿಂಜರಿಯಬೇಡಿ, ಲೆಕ್ಕ ಮೇಲೇ ಇದೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ತಗೊಳ್ಳೋ ಮುಂಚೆ ಎರಡು ಪ್ರಶ್ನೆ ಕೇಳಿ: ಎಲ್ಲಾ ಕೀಗಳೂ ಮ್ಯಾಗ್ನೆಟಿಕ್ಕಾ? ಇಲ್ಲಿನ ಬಿಲ್, ವಾರಂಟಿ ಇದೆಯಾ? ರೇಜರ್ ಹಂಟ್ಸ್‌ಮನ್ ವಿ3 ಪ್ರೋ ಇದೇ ಸಾಲಿನಲ್ಲಿ ಇಟ್ಟಿರ್ತಾರೆ. ರ‍್ಯಾಪಿಡ್ ಟ್ರಿಗರ್ ಇದ್ದರೂ ಅದು ಆಪ್ಟಿಕಲ್ (ಬೆಳಕಿನಿಂದ ಓದೋದು), ಮ್ಯಾಗ್ನೆಟಿಕ್ ಅಲ್ಲ.

ಶಿವಮೊಗ್ಗ_60:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 60 ಪರ್ಸೆಂಟ್ ಮ್ಯಾಗ್ನೆಟಿಕ್ ಬೋರ್ಡ್‌ನಲ್ಲಿ ಡಬ್ಲ್ಯೂ ಒತ್ತಿ ಹಿಡಿದಿದ್ದರೂ ಓಟ ನಡುನಡುವೆ ನಿಲ್ಲುತ್ತೆ. ಸ್ವಿಚ್ ಹೋಗಿದೆಯಾ? ಬೇರೆ ಸ್ವಿಚ್ ಹಾಕಬಹುದಾ?

ಹಾಲ್‌ಸೆನ್ಸರ್:
ಸ್ವಿಚ್ ಹೋಗಿರೋ ಸಾಧ್ಯತೆ ಕಡಿಮೆ. ರ‍್ಯಾಪಿಡ್ ಟ್ರಿಗರ್ 0.1ಕ್ಕೋ ಅದಕ್ಕಿಂತ ಕೆಳಗೋ ಇರಬೇಕು. ಬೆರಳಿನ ಸಣ್ಣ ನಡುಕ, ಸ್ಟೆಮ್ ಪಕ್ಕಕ್ಕೆ ವಾಲುವುದು, ಇವನ್ನೇ ಬೋರ್ಡ್ "ಕೀ ಬಿಟ್ಟರು" ಅಂತ ಓದುತ್ತದೆ. ಬಿಡುವ ಮಿತಿಯನ್ನು 0.25ಕ್ಕೆ ಏರಿಸಿ, ತಳದ ಡೆಡ್‌ಜೋನ್ (ಚಲನೆಯನ್ನು ಲೆಕ್ಕಿಸದ ಜಾಗ) 0.2 ಕೊಡಿ. ಎಡ-ಬಲಕ್ಕೆ ಸರಿಯುವ ಎ, ಡಿ ಕೀಗಳಿಗೆ ಮಾತ್ರ 0.15 ಸಾಕು. ಸ್ಪೇಸ್‌ಬಾರ್ ಅಗಲ, ಅಲ್ಲಾಡೋದು ಜಾಸ್ತಿ, ಅದಕ್ಕೆ ರ‍್ಯಾಪಿಡ್ ಟ್ರಿಗರ್ ತೆಗೆದು ಆನ್ ಆಗುವ ಆಳ 1.2 ಇಡಿ.

ಆಮೇಲೆ ಕ್ಯಾಲಿಬ್ರೇಶನ್, ಅಂದರೆ ಕೀಯ ಮೇಲಿನ ಮತ್ತು ತಳದ ಬಿಂದುವನ್ನು ಬೋರ್ಡಿಗೆ ಕಲಿಸೋದು. ಶುರು ಮಾಡುವಾಗ ಒಂದು ಕೀ ಮೇಲೂ ಬೆರಳಿರಬಾರದು, ಆಗಲೇ ಮೇಲಿನ ಬಿಂದು ದಾಖಲಾಗೋದು. ನಂತರ ಪ್ರತಿ ಕೀಯನ್ನೂ ತಳದವರೆಗೆ ಒತ್ತಿ ಒಂದು ಸೆಕೆಂಡ್ ಹಿಡಿದು ಬಿಡಿ, ಕೊನೆಗೆ ಸೇವ್. ತಾಪಮಾನ ಬದಲಾದರೆ ಸೆನ್ಸರ್ ಓದು ಸ್ವಲ್ಪ ಸರಿಯುತ್ತದೆ, ಹಾಗಾಗಿ ಬೇಸಿಗೆ ಶುರುವಾದಾಗ ಇನ್ನೊಮ್ಮೆ ಮಾಡಿ. ಬೋರ್ಡ್ ಪಕ್ಕ ಮ್ಯಾಗ್ನೆಟ್ ರಿಂಗ್ ಇರುವ ಫೋನ್ ಇಡಬೇಡಿ.

ಸ್ವಿಚ್ ಬದಲಾಯಿಸೋದಾದರೆ ತಯಾರಕರ ಪಟ್ಟಿಯಲ್ಲಿ ಇರೋದನ್ನೇ ಹಾಕಿ. ಅಯಸ್ಕಾಂತದ ಧ್ರುವ ತಿರುಗುಮುರುಗಾಗಿದ್ದರೆ ಬೋರ್ಡ್ ಕೀಯನ್ನು ಓದೋದೇ ಇಲ್ಲ, ಬಲ ಬೇರೆಯಾಗಿದ್ದರೆ ದೂರದ ಲೆಕ್ಕ ತಪ್ಪುತ್ತದೆ. ಸಾಫ್ಟ್‌ವೇರ್‌ನಲ್ಲಿ ಸ್ವಿಚ್ ಮಾದರಿ ಆರಿಸಿ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ ಇದರಲ್ಲಿ ಕೆಲಸ ಮಾಡಲ್ಲ. ಕೀಕ್ಯಾಪ್ ಮಾತ್ರ ಹೊಂದುತ್ತವೆ.

ಅರ್ಕಾವತ್ತು:
ಪ್ರಶ್ನೆ ಕೇಳಿದವರಿಗೆ, ಕನ್ನಡ ಟೈಪಿಂಗ್ ಬಗ್ಗೆ. ನುಡಿ ಲೇಔಟ್‌ನಲ್ಲಿ ಎಫ್ ಅಂದರೆ ಒತ್ತಕ್ಷರ ಸೇರಿಸುವ ಕೀ, ಎಡಗೈ ತೋರುಬೆರಳು ಸದಾ ಕೂತಿರೋದೂ ಅಲ್ಲೇ. 0.2ರ ಆ್ಯಕ್ಚುಯೇಶನ್‌ನಲ್ಲಿ ಬೆರಳಿಟ್ಟರೆ ಸಾಕು, "ಮನೆ" ಅಂತ ಒತ್ತಲು ಹೋದರೆ "ಮ್ನೆ" ಬೀಳುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ (ಇನ್ನೊಂದು ಕನ್ನಡ ಲೇಔಟ್) ಡಿ ಕೀಗೆ ಇದೇ ಪಾಡು. ಅದಕ್ಕೇ ಟೈಪಿಂಗ್‌ಗೆ ಬೇರೆ ಪ್ರೊಫೈಲ್ ಮಾಡಿ: ಎಲ್ಲಾ ಕೀ 1.8 ಮಿ.ಮೀ., ರ‍್ಯಾಪಿಡ್ ಟ್ರಿಗರ್ ಆಫ್. ಎಫ್‌ಎನ್ ಜೊತೆ ಒಂದು ಕೀಗೆ ಪ್ರೊಫೈಲ್ ಬದಲಾವಣೆ ಕಟ್ಟಿದರೆ ಆಟದಿಂದ ಬರವಣಿಗೆಗೆ ಬರೋದು ಸುಲಭ.

ವೆಬ್ ಸಾಫ್ಟ್‌ವೇರ್ ಇರುವ ಬೋರ್ಡ್‌ಗಳಿಗೆ ಕ್ರೋಮ್ ಅಥವಾ ಎಡ್ಜ್ ಬಳಸಿ, ಫೈರ್‌ಫಾಕ್ಸ್‌ನಲ್ಲಿ ಬೋರ್ಡ್ ಕಾಣಿಸಲ್ಲ. ಲಿನಕ್ಸ್ ಆದರೆ ಯುಡೆವ್ ರೂಲ್ ಬರೆದು ಅನುಮತಿ ಕೊಡಬೇಕು.

ಮತ್ತೆ ಸಿಎಸ್2: ಎ, ಡಿ ಎರಡೂ ಒತ್ತಿದಾಗ ಕೊನೆಯದನ್ನು ಮಾತ್ರ ಕಳಿಸುವ ಸ್ನ್ಯಾಪ್ ಟ್ಯಾಪ್ ಥರದ ಸೌಲಭ್ಯವನ್ನು ಆಟದ ತಯಾರಕ ವಾಲ್ವ್ 2024ರ ಆಗಸ್ಟ್‌ನಿಂದ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಒಪ್ಪಲ್ಲ, ಪತ್ತೆಯಾದರೆ ಪಂದ್ಯದಿಂದ ಹೊರಗೆ ಹಾಕುತ್ತದೆ. ರ‍್ಯಾಪಿಡ್ ಟ್ರಿಗರ್‌ಗೆ ಆ ತೊಂದರೆಯಿಲ್ಲ. ಸಿಎಸ್2 ಪ್ರೊಫೈಲ್‌ನಲ್ಲಿ ಎಸ್‌ಒಸಿಡಿ (ಸ್ನ್ಯಾಪ್ ಟ್ಯಾಪ್ ಥರದ ಸೌಲಭ್ಯದ ಇನ್ನೊಂದು ಹೆಸರು) ಆಫ್ ಮಾಡಿ, ಬೋರ್ಡ್ ಮೆಮೊರಿಗೆ ಸೇವ್ ಆಗಿದೆಯಾ ಅಂತ ಕೇಬಲ್ ಕಿತ್ತು ಮತ್ತೆ ಚುಚ್ಚಿ ನೋಡಿ.

ಕೌಂಟರ್‌ಸ್ಟ್ರೇಫ್:
ಎಲ್ಲರಿಗೂ ಧನ್ಯವಾದ. 60 ಪರ್ಸೆಂಟ್ ಕೈಬಿಟ್ಟೆ. ಇಲ್ಲಿನ ವಾರಂಟಿ ಸಮೇತ ಕೆ2 ಎಚ್‌ಇ ಸಿಕ್ಕರೆ ಬಜೆಟ್ ಸ್ವಲ್ಪ ಏರಿಸ್ತೀನಿ, ಇಲ್ಲದಿದ್ದರೆ ಎ75.