ವಿಜ್ಞಾನಿ ಬಾಲ್ಟಿಮೋರ್ ಅವರು ವೈರಸ್ ಕಣದ ಒಳಗೇ ಹುಡುಕಿದ್ದು ಯಾಕೆ?

ಪ್ರಶ್ನೆ: ಎಂಎಸ್ಸಿ ಓದುತ್ತಿದ್ದೇನೆ. ಆರ್‌ಎನ್‌ಎ ನೋಡಿ ಡಿಎನ್‌ಎ ಮಾಡುವ ಕಿಣ್ವವನ್ನು ಡೇವಿಡ್ ಬಾಲ್ಟಿಮೋರ್ ವೈರಸ್ ಕಣದಲ್ಲೇ ಹುಡುಕಿದ್ದು ಯಾಕೆ? ನೋಟ್ಸ್‌ನಲ್ಲಿ ಬರೀ 1970 ಅಂತ ಇದೆ.

ಉತ್ತರ 1: ಅದು ಸುಮ್ನೆ ಹೊಳೆದದ್ದಲ್ಲ. ಮೊದಲು ಅವರು ಪೋಲಿಯೊ ವೈರಸ್ ಮೇಲೆ ಕೆಲಸ ಮಾಡಿದ್ದರು. ಅದರ ಆರ್‌ಎನ್‌ಎ ಜೀವಕೋಶದೊಳಗೆ ಹೋದ ಮೇಲೆ ತನ್ನ ನಕಲು ತೆಗೆಯುವ ಕಿಣ್ವವನ್ನು ಅಲ್ಲೇ ಮಾಡಿಸಿಕೊಳ್ಳುತ್ತದೆ. ಆಮೇಲೆ ಹೆಂಡತಿ ಆಲಿಸ್ ಹುವಾಂಗ್ ಜೊತೆ ದನ, ಕುದುರೆಗಳಿಗೆ ಬರುವ ವಿಎಸ್‌ವಿ ವೈರಸ್ ನೋಡಿದರು. ಅದು ಅಂಥ ಕಿಣ್ವವನ್ನು ಕಣದೊಳಗೆ ಹೊತ್ತುಕೊಂಡೇ ಬರುತ್ತದೆ! ಹಾಗಾದರೆ ಕ್ಯಾನ್ಸರ್ ತರುವ ಆರ್‌ಎನ್‌ಎ ವೈರಸ್‌ನ ಕಣದಲ್ಲೂ ಅದರದೇ ಕಿಣ್ವ ಇರಬಹುದು, ಅಲ್ವಾ? ಇತ್ತು, ಅದೇ ನೀವು ಕೇಳಿದ ಕಿಣ್ವ. ನನಗೆ ಪಾಠ ಮಾಡಿದವರು ಯಾರೂ ಆಲಿಸ್ ಹೆಸರು ಹೇಳಲಿಲ್ಲ. ಅದೇ ಬೇಸರ.

ಉತ್ತರ 2: ಇನ್ನೊಬ್ಬ ವಿಜ್ಞಾನಿ ಹೊವಾರ್ಡ್ ಟೆಮಿನ್ ಕೂಡ ಈ ಕಿಣ್ವವನ್ನು ಅದೇ ವರ್ಷ ಕಂಡುಹಿಡಿದರು. ಇಬ್ಬರಿಗೂ 1975ರಲ್ಲಿ ನೊಬೆಲ್. ಆಗ ಬಾಲ್ಟಿಮೋರ್‌ಗೆ 37 ವರ್ಷ.

ಕೇಳಿದವರು: ಥ್ಯಾಂಕ್ಸ್. ನಾಳೆ ಸೆಮಿನಾರ್‌ನಲ್ಲಿ ಆಲಿಸ್‌ರಿಂದಲೇ ಶುರು ಮಾಡುತ್ತೇನೆ.