ಗಡ್ಡಕ್ಕೆ ಬ್ಲೇಡು, ಜೇಬಿಗೆ ಕತ್ತರಿ: ಏನಾದರೂ ದಾರಿ ಇದೆಯಾ?

ದಾವಣಗೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ದಿನಾ ಬೆಳಿಗ್ಗೆ ನನ್ನ ತಲೆ ತಿನ್ನುತ್ತಿದೆ.

ಜೂನ್‌ನಲ್ಲಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ. ಹೋಟೆಲಿನ ಫ್ರಂಟ್ ಆಫೀಸು. ದಿನಾ ಶೇವ್ ಆಗಿರಲೇಬೇಕು. ಒಂದು ದಿನದ ಕುರುಚಲು ಕಂಡರೂ ನಮ್ಮ ಮ್ಯಾನೇಜರ್ ಏನೂ ಹೇಳುವುದಿಲ್ಲ, ತಮ್ಮ ಗದ್ದ ಸವರಿಕೊಂಡು ನನ್ನ ಕಡೆ ನೋಡುತ್ತಾರೆ ಅಷ್ಟೆ. ಊರಲ್ಲಿದ್ದಾಗ ವಾರಕ್ಕೆ ಎರಡು ಸಲ ಸಾಕಾಗುತ್ತಿತ್ತು.

ಈಗ ಐದು ಬ್ಲೇಡಿನ ರೇಜರ್ ಬಳಸುತ್ತಿದ್ದೇನೆ. ನಾಲ್ಕು ಕಾರ್ಟ್ರಿಜ್ ಇರುವ ಪ್ಯಾಕಿಗೆ 700 ರೂಪಾಯಿ ಹತ್ತಿರ ಕೊಟ್ಟೆ. ಒಂದೊಂದು ಹತ್ತು ದಿನ ಬರುತ್ತದೆ. ಆಮೇಲೆ ಕೂದಲು ಕತ್ತರಿಸುವುದಕ್ಕಿಂತ ಕೀಳುವುದೇ ಜಾಸ್ತಿ. ತಿಂಗಳಿಗೆ 500 ರೂಪಾಯಿ ಬರೀ ಗಡ್ಡಕ್ಕೆ ಹೋಗುತ್ತಿದೆ. ಪಿಜಿಯಲ್ಲಿ ಇರುವವನಿಗೆ ಇದು ಜಾಸ್ತಿ ಅಲ್ವಾ?

ದುಡ್ಡು ಹಾಳಾಗಿ ಹೋಗಲಿ, ಕುತ್ತಿಗೆಯದೇ ದೊಡ್ಡ ಗೋಳು. ಗಂಟಲಿನ ಎರಡೂ ಪಕ್ಕ ಕೆಂಪು ಗುಳ್ಳೆ. ಕೆಲವು ಗುಳ್ಳೆಯಲ್ಲಿ ಕೂದಲು ಹೊರಗೆ ಬಾರದೆ ಒಳಗೇ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಯೂನಿಫಾರಂ ಕಾಲರ್ ತಾಗಿದರೆ ಉರಿ. ಡಬ್ಬಿಯ ಫೋಮ್ ಹಚ್ಚುತ್ತೇನೆ. ನೀರು ಪಿಜಿಯ ಬೋರ್ ನೀರು.

ರೂಮ್‌ಮೇಟ್ ಹಳೇ ಕಾಲದ, ಎರಡೂ ಕಡೆ ಅಂಚಿರುವ ಬ್ಲೇಡಿನ ರೇಜರ್ ತಗೋ ಅನ್ನುತ್ತಾನೆ. ನಮ್ಮ ಅಜ್ಜನ ಹತ್ತಿರ ಅಂಥದ್ದೊಂದು ಇತ್ತು. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ಹೆಬ್ಬೆರಳು ಕೊಯ್ದುಕೊಂಡಿದ್ದೆ. ಅದನ್ನು ಕುತ್ತಿಗೆಗೆ ಇಡೋದಾ ಅಂತ ಭಯ. ಬಳಸಿದವರು ಹೇಳಿ.

ಹುಬ್ಬಳ್ಳಿ ಮಂದಿ:

ತಮ್ಮಾ, ಕೆಲಸ ಬಿಟ್ಟು ಗಡ್ಡ ಬಿಡು. ಖರ್ಚೂ ಇಲ್ಲ, ಉರಿಯೂ ಇಲ್ಲ.

ಹಾಲ್ಟ್ ಬಸ್:

ಮೇಲಿನವರ ಮಾತು ಕೇಳಬೇಡ, ಕೆಲಸ ಮುಖ್ಯ. ನೀನು ನನ್ನ ಮಗನಿಗಿಂತ ಚಿಕ್ಕವನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಾನು 31 ವರ್ಷ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವನು, ಹಾಸನದ ಕಡೆ. ಅದರಲ್ಲಿ ಬಹುಪಾಲು ಹಾಲ್ಟ್ ಬಸ್ಸೇ. ರಾತ್ರಿ ಎಂಟೂವರೆಗೆ ಹಳ್ಳಿ ಸೇರುವುದು, ಬಸ್ಸಲ್ಲೇ ಮಲಗುವುದು, ಬೆಳಿಗ್ಗೆ ಆರಕ್ಕೆ ಮೊದಲ ಟ್ರಿಪ್ಪು. ನನಗೆ ಗಡ್ಡ ಹೆರೆಯಲು ಸಿಗುತ್ತಿದ್ದದ್ದು ಒಂದು ಚೊಂಬು ನೀರು, ಬಸ್ಸಿನ ಪಕ್ಕದ ಕನ್ನಡಿ. ಟಾರ್ಚು ಹಿಡಿಯಲು ಕಂಡಕ್ಟರು, ಅವನು ಎದ್ದಿದ್ದರೆ. ಅಷ್ಟರಲ್ಲೇ ಕಲಿತದ್ದನ್ನು ಹೇಳುತ್ತೇನೆ.

ಮೊದಲು ನಿನ್ನ ನೀರು. ನೀನು ರೇಜರ್ ಬಗ್ಗೆ ಕೇಳಿದ್ದೀಯ, ನನಗೆ ಅನುಮಾನ ಬೋರ್ ನೀರಿನ ಮೇಲೆ. ಸಕಲೇಶಪುರದ ಕಡೆ ಹಾಲ್ಟ್ ಇದ್ದರೆ ಹಳ್ಳದ ನೀರು. ಸೋಪಿನ ಮೇಲೆ ಬ್ರಷ್ಷನ್ನು ಹತ್ತು ಸುತ್ತು ತಿರುಗಿಸಿದರೆ ಕೆನೆ ಥರ ನೊರೆ. ಅದೇ ಸೋಪು, ಅದೇ ಬ್ರಷ್ಷು ಅರಸೀಕೆರೆ ಕಡೆಯ ಬೋರ್ ನೀರಲ್ಲಿ ಐವತ್ತು ಸುತ್ತು ಹಾಕಿದರೂ ಒಡೆದ ಹಾಲಿನ ಹಾಗೆ ಬಿಳಿ ಚೂರು. ನೊರೆ ಇಲ್ಲದ ಮುಖದ ಮೇಲೆ ಬಂಗಾರದ ಬ್ಲೇಡ್ ಇಟ್ಟರೂ ಉರಿಯುತ್ತದೆ. ನಾನು ಕೊನೆಗೆ ಒಂದು ಬಾಟಲಿಯಲ್ಲಿ ಹಳ್ಳದ ನೀರು ತುಂಬಿ ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ನಿನ್ನ ಪಿಜಿಯಲ್ಲಿ ಕುಡಿಯಲು ಫಿಲ್ಟರ್ ನೀರು ಇರಬೇಕಲ್ಲ? ಅದು ಆರ್‌ಓ ಆದರೆ ಎರಡು ಲೋಟ ಹಿಡಿದುಕೊಂಡು ಬಾ. ಒಂದು ನೊರೆಗೆ, ಒಂದು ಕೊನೆಯಲ್ಲಿ ಮುಖ ತೊಳೆಯಲು. ನಾಳೆಯೇ ಮಾಡಿ ನೋಡು, ಖರ್ಚೇನೂ ಇಲ್ಲ.

ಫೋಮ್ ಡಬ್ಬಿ ಬಿಡು. ಒಂದು ಟ್ಯೂಬ್ ಕ್ರೀಮು, ಒಂದು ಬ್ರಷ್ಷು ತಗೋ. ಸ್ನಾನ ಮಾಡಿ ಬಂದ ಮೇಲೆ ಹೆರೆ, ಮೊದಲು ಬೇಡ. ಪುರುಸೊತ್ತಿಲ್ಲದಿದ್ದರೆ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಎರಡು ಮೂರು ನಿಮಿಷ ಮುಖದ ಮೇಲೆ ಇಟ್ಟುಕೋ. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ, ಕಡಿಮೆ ಬಲಕ್ಕೇ ಕತ್ತರಿಸುತ್ತದೆ.

ಇನ್ನು ಕುತ್ತಿಗೆ. ಒಂದು ದಿನ ಹೆರೆಯದೆ ಬಿಟ್ಟು ಬೆರಳಲ್ಲಿ ಸವರಿ ನೋಡು. ಯಾವ ಕಡೆ ಸವರಿದರೆ ನುಣುಪೋ ಅದು ಕೂದಲು ಮಲಗಿರುವ ದಿಕ್ಕು. ಗರಗರ ಅಂದರೆ ಎದುರು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ ಇರುತ್ತದೆ. ಕುತ್ತಿಗೆಯಲ್ಲಿ ಹಾಗಲ್ಲ. ನನಗೆ ಬಲಗಡೆ ಅಡ್ಡ ಮಲಗಿದೆ, ಎಡಗಡೆ ಮೇಲಕ್ಕೆ ಹೋಗುತ್ತದೆ. ಇದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಎಳೆದು, ಖಾಕಿ ಕಾಲರ್ ಮೇಲೆ ರಕ್ತದ ಚುಕ್ಕಿ ಇಟ್ಟುಕೊಂಡೇ ಗಾಡಿ ಓಡಿಸಿದ್ದೇನೆ.

ರೇಜರಿಗೆ ಬರೋಣ. ನಿನ್ನ ಭಯ ಸರಿ, ಆದರೆ ಅಷ್ಟು ಬೇಡ. ಬ್ಲೇಡಿನ ಅಂಚು ಮಾತ್ರ ಕೂದಲೆಳೆಯಷ್ಟು ಹೊರಗೆ ಇರುತ್ತದೆ. ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದು ರೇಜರಿನ ನೆತ್ತಿಯನ್ನು ಕೆನ್ನೆಗೆ ಇಡು. ಆಗ ಏನೂ ಕತ್ತರಿಸುವುದಿಲ್ಲ. ಹಿಡಿಯನ್ನು ನಿಧಾನ ಕೆಳಗೆ ಇಳಿಸುತ್ತಾ, ರೇಜರನ್ನು ಸ್ವಲ್ಪ ಸ್ವಲ್ಪ ಎಳೆಯುತ್ತಾ ಬಾ. ಒಂದು ಕಡೆ ಚರ್ ಚರ್ ಅಂತ ಸದ್ದು ಶುರುವಾಗುತ್ತದೆ. ಅಲ್ಲೇ ನಿಲ್ಲಿಸು, ಅದೇ ನಿನ್ನ ಓರೆ. ಮೇಲಿಂದ ಒತ್ತಬೇಡ. ಲೋಹದ ರೇಜರಿನ ಸ್ವಂತ ಭಾರವೇ ಸಾಕು. ಶಿರಾಡಿ ಘಾಟಿಯಲ್ಲಿ ಹೊಸ ಡ್ರೈವರು ಸ್ಟೇರಿಂಗನ್ನು ಹಿಸುಕಿ ಹಿಡಿದು ಸಕಲೇಶಪುರ ಬರುವಷ್ಟರಲ್ಲಿ ಭುಜ ನೋಯಿಸಿಕೊಂಡಿರುತ್ತಾನೆ. ಹಳಬ ಸುಮ್ನೆ ಹಿಡಿದಿರುತ್ತಾನೆ. ಕಾರ್ಟ್ರಿಜ್ ಬಳಸಿದವರಿಗೆಲ್ಲ ಈ ಹಿಸುಕುವ ಚಟ ಇರುತ್ತದೆ.

ಒಂದು ಸಲ ಮಲಗಿದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಒಂದು ಸಲ ಅಡ್ಡಕ್ಕೆ. ಸಾಕು. ಒಂದೆರಡು ಅಡಿ ದೂರದಿಂದ ನೋಡುವ ನಿನ್ನ ಮ್ಯಾನೇಜರಿಗೆ ಅದಕ್ಕಿಂತ ನುಣುಪು ಕಾಣುವುದಿಲ್ಲ.

ಖರ್ಚು: ನಾನು ಐದು ಬ್ಲೇಡಿನ ಪೊಟ್ಟಣವನ್ನು ನಮ್ಮ ಬೀದಿಯ ಅಂಗಡಿಯಲ್ಲಿ 20 ರೂಪಾಯಿಗೆ ತರುತ್ತೇನೆ. ಒಂದು ಬ್ಲೇಡಿಗೆ ಐದು ಶೇವು, ಆರನೆಯದಕ್ಕೆ ಆಸೆ ಪಡುವುದಿಲ್ಲ. ಅಂದರೆ ತಿಂಗಳಿಗೆ ಆರು ಬ್ಲೇಡು, 24 ರೂಪಾಯಿ. ನಮ್ಮಪ್ಪ ಗಾಜಿನ ಲೋಟದ ಒಳಮೈಗೆ ಬ್ಲೇಡ್ ಉಜ್ಜಿ ಉಜ್ಜಿ ಎರಡು ವಾರ ಓಡಿಸುತ್ತಿದ್ದರು. ಬೇಕಾದರೆ ನೀನೂ ಮಾಡಿ ನೋಡಬಹುದು.

ಸುರತ್ಕಲ್ ಬ್ಯಾಚ್:

ಹಾಲ್ಟ್ ಬಸ್ ಸರ್, ಎಲ್ಲ ಒಪ್ಪಿದೆ, ಲೋಟ ಒಂದು ಬಿಟ್ಟು. ನಾನು ಮೆಟಲರ್ಜಿ ಓದಿದವನು, ಸುಮ್ಮನಿರಲು ಆಗುತ್ತಿಲ್ಲ. ನಿಮ್ಮ ತಂದೆಯವರ ಕಾಲದ ಬ್ಲೇಡು ಕಾರ್ಬನ್ ಸ್ಟೀಲು, ಮಸೆದರೆ ಏನೋ ಲಾಭ ಇತ್ತು. 1960ರ ದಶಕದಿಂದ ಬಂದವು ಹೆಚ್ಚಾಗಿ ಸ್ಟೇನ್‌ಲೆಸ್, ಅಂಚಿನ ಮೇಲೆ ತೆಳುವಾದ ಲೇಪ ಇರುತ್ತದೆ. ಲೋಟಕ್ಕೆ ಉಜ್ಜಿದರೆ, ಟವೆಲಲ್ಲಿ ಒರೆಸಿದರೆ ಮೊದಲು ಹೋಗುವುದೇ ಆ ಲೇಪ. ನೀರಲ್ಲಿ ಅಲ್ಲಾಡಿಸಿ, ಕೊಡವಿ, ಬಚ್ಚಲಿನಿಂದ ಹೊರಗೆ ಇಡಿ.

ಇನ್ನೊಂದು ಮಜಾ ವಿಷಯ. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡ್ ಸೋಲುತ್ತದೆ. 2020ರಲ್ಲಿ ಅಮೆರಿಕದ ಎಂಐಟಿಯವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಳಗೇ ಕೂದಲು ಕತ್ತರಿಸಿ ನೋಡಿದರು. ಅಂಚು ಸಮನಾಗಿ ಸವೆಯುವುದಷ್ಟೇ ಅಲ್ಲ, ಕೂದಲು ಬಾಗಿ ಓರೆಯಾಗಿ ತಾಗುವ ಕಡೆ ಸಣ್ಣ ಸಣ್ಣ ಚಕ್ಕೆ ಎದ್ದು ಹೋಗುತ್ತದೆ. ಆ ಮೊಂಡು ಅಂಚೇ ನಿಮಗೆ ಕಿತ್ತ ಹಾಗೆ ಅನಿಸುವುದು.

ಮಂಗಳವಾರ ರಜೆ:

ಸೆಲೂನ್ ನಮ್ಮದು, ತಂದೆಯವರ ಕಾಲದಿಂದ. ಇವತ್ತು ರಜೆ, ಅದಕ್ಕೇ ಬರೆಯಲು ಪುರುಸೊತ್ತು.

ನೀವು ಹೆದರುತ್ತಿರುವ ಬ್ಲೇಡೇ ನಮ್ಮ ಕೈಯಲ್ಲೂ ಇರುವುದು. ಪೇಪರ್ ಸಮೇತ ಉದ್ದಕ್ಕೆ ಮಡಚಿದರೆ ಟಕ್ ಅಂತ ಎರಡಾಗುತ್ತದೆ. ಅರ್ಧ ನಿಮಗೆ, ಅರ್ಧ ಪಕ್ಕದ ಕುರ್ಚಿಯವರಿಗೆ.

ನಿಮ್ಮದು ಬ್ಲೇಡಿಗಿಂತ "ಉಲ್ಟಾ" ಹೊಡೆಯುವ, ಅಂದರೆ ಕೂದಲಿನ ಎದುರು ದಿಕ್ಕಿಗೆ ಹೆರೆಯುವ ಸಮಸ್ಯೆ. ಗಿರಾಕಿಗಳು ಕೂತ ತಕ್ಷಣ "ಅಣ್ಣಾ, ಉಲ್ಟಾನೂ ಹೊಡೀರಿ" ಅನ್ನುತ್ತಾರೆ. ಗುಳ್ಳೆ ಇರುವ ಕುತ್ತಿಗೆಗೆ ನಾನು ಹೊಡೆಯುವುದಿಲ್ಲ, ಬೇಕಾದರೆ ಬೈದುಕೊಳ್ಳಲಿ. ಗುಂಗುರು ಕೂದಲನ್ನು ಚರ್ಮಕ್ಕಿಂತ ಕೆಳಗೆ ಕತ್ತರಿಸಿದರೆ ಅದು ಮೇಲೆ ಬರುವಾಗ ದಾರಿ ತಪ್ಪಿ ಒಳಗೇ ತಿರುಗುತ್ತದೆ. ಐದು ಬ್ಲೇಡು ಒಂದರ ಹಿಂದೆ ಒಂದು ಎಳೆಯುವಾಗ ಆಗುವುದೂ ಇದೇ. ಮೂರು ವಾರ ಕುತ್ತಿಗೆಯಲ್ಲಿ ಉಲ್ಟಾ ಬೇಡ. ಪಿನ್ನಲ್ಲಿ ಕೆದಕಬೇಡಿ. ಕೀವು ಬಂದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ನಮ್ಮ ಹತ್ತಿರ ಬರಬೇಡಿ.

ಕೊನೆಗೆ ಒದ್ದೆ ಮುಖಕ್ಕೆ ಪಟಿಕ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಒತ್ತಿ ಹೆರೆದಿದ್ದೀರಿ ಅಂತ ಅರ್ಥ. ಪಟಿಕ ನಿಮ್ಮದೇ ಇರಲಿ, ರೂಮ್‌ಮೇಟ್ ಜೊತೆ ಹಂಚಿಕೊಳ್ಳಬೇಡಿ. ಹಳೇ ಬ್ಲೇಡನ್ನು ಹಾಗೇ ಕಸಕ್ಕೆ ಹಾಕಬೇಡಿ, ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳಕ್ಕೆ ಸೀಳು ಮಾಡಿದ ಡಬ್ಬಿಯೊಳಗೆ ಹಾಕುತ್ತಾ ಹೋಗಿ, ವರ್ಷಗಟ್ಟಲೆ ತುಂಬುವುದಿಲ್ಲ.

ದಾವಣಗೆರೆ ಹುಡುಗ:

ನಾಲ್ಕು ವಾರ ಆಯಿತು, ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲ ವಾರ ಹಳೇ ಕಾರ್ಟ್ರಿಜ್ಜೇ, ಫಿಲ್ಟರ್ ನೀರು ಮಾತ್ರ ಹೊಸದು. ಉರಿ ಅರ್ಧ ಇಳಿಯಿತು. ನಿಜಕ್ಕೂ ನಂಬಲಾಗಲಿಲ್ಲ. ಆಮೇಲೆ 350 ರೂಪಾಯಿಯ ಲೋಹದ ರೇಜರ್ ತಂದೆ. ಕುತ್ತಿಗೆ ಅಂತ ಹೆದರಿದ್ದೆ, ಕೊಯ್ದುಕೊಂಡದ್ದು ಕೆಳದುಟಿಯ ಕೆಳಗೆ, ಮತ್ತೆ ಕಿವಿಯ ಹಾಲೆ. ಕಿವಿ ಹೇಗೆ ಕೊಯ್ಯಿತು ಅಂತ ಕೇಳಬೇಡಿ, ಫೋನ್ ರಿಂಗಾಯಿತು. ಗುಳ್ಳೆ ಈಗ ಬಲಗಡೆ ಎರಡು ಮೂರು ಉಳಿದಿವೆ. ಅಲ್ಲಿ ಕೂದಲು ಕಿವಿ ಕಡೆಗೆ ಮಲಗಿದೆ, ರೇಜರ್ ತಿರುಗಿಸಲು ಕೈ ಇನ್ನೂ ಕೂತಿಲ್ಲ.

ಇನ್ನೊಂದು. ಅಮ್ಮನಿಗೆ ಹೇಳಿದೆ, ಅವರು ಅಜ್ಜನ ಪೆಟ್ಟಿಗೆ ಹುಡುಕಿ ಅದೇ ರೇಜರನ್ನು ಕಳಿಸಿದ್ದಾರೆ. ಹಿತ್ತಾಳೆಯದು, ಮೇಲಿನ ಬಿಳಿ ಪಾಲಿಶ್ ಹೋಗಿದೆ. ಆದರೆ ಒಳಗೆ ಹಳೇ ಬ್ಲೇಡು ತುಕ್ಕು ಹಿಡಿದು ಅಂಟಿಕೊಂಡಿದೆ, ಹಿಡಿ ತಿರುಗುತ್ತಿಲ್ಲ. ಇಕ್ಕಳ ಹಾಕಲಾ?

ಹಾಲ್ಟ್ ಬಸ್:

ಇಕ್ಕಳ ಬೇಡವೇ ಬೇಡ, ಹಿತ್ತಾಳೆ ಮೆದು, ತಿರುಪಿನ ಸುತ್ತು ಹಾಳಾಗುತ್ತದೆ. ಒಂದು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿ ತಲೆ ಮುಳುಗುವ ಹಾಗೆ ಎರಡು ದಿನ ಇಡು. ಆಮೇಲೆ ಬಿಸಿನೀರಲ್ಲಿ ಹತ್ತು ನಿಮಿಷ ಅದ್ದಿ, ತಲೆಯನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಹಿಡಿಯನ್ನು ತಿರುಗಿಸು. ಬಂದಿಲ್ಲ ಅಂದರೆ ಮತ್ತೆರಡು ದಿನ. ಬಿಚ್ಚಿದ ಮೇಲೆ ಆ ಬ್ಲೇಡಿನ ಮೇಲೆ ಹೆಸರು ಓದಲು ಬಂದರೆ ಇಲ್ಲಿ ಬರೆ. ನಮ್ಮಪ್ಪ ಬಳಸುತ್ತಿದ್ದದ್ದೇ ಇರಬಹುದಾ ಅಂತ ನೋಡಬೇಕು.

ಹೆರೆಯುವಾಗ ಫೋನು ಬಚ್ಚಲಿಗೆ ತರಬೇಡ.